ಏಳು ಅಡಿ ಬೀರು, ನಡುವೆ ಒಂದು ಗೆರೆ

ಇಷ್ಟು ರಗಳೆಗೂ ಕಾರಣ ಅಕ್ಕಿಕಾಳಿನಷ್ಟು ಉದ್ದದ ಒಂದು ಗೆರೆ.

ಮನೆ ಸಿಂಗಾರದ ಮಾಸಪತ್ರಿಕೆಯೊಂದರ ಉಪಸಂಪಾದಕ ಅಂದು ಐದು ಗಂಟೆಗೆ ಮನೆಯಲ್ಲಿರಲೇಬೇಕಿತ್ತು. ಮದುವೆಯಾದಾಗಿನಿಂದ ನಾಳೆ, ನಾಡಿದ್ದು ಎಂದು ಹೆಂಡತಿಯ ಮೂಗಿಗೆ ತುಪ್ಪ ಸವರುತ್ತ ಬಂದಿದ್ದ ಬಟ್ಟೆಯ ಬೀರು ಕೊನೆಗೂ ಬರುವುದಿತ್ತು. ಮರುದಿನ ಅತ್ತೆ ಬರುವವರಿದ್ದರು.

"ಅಮ್ಮ ಬರೋ ಹೊತ್ತಿಗೆ ಕುರ್ಚಿ ಮೇಲೆ ಬಟ್ಟೆ ಗುಡ್ಡೆ ಇರಬಾರದು," ಎಂದಿದ್ದಳು ಹೆಂಡತಿ. "ಬಡಗಿಗೆ ಅಳತೆ ಸರಿಯಾಗಿ ಹೇಳಿದೀರಿ ತಾನೇ?"

"ಏಳು ಅಡಿ. ನಮ್ಮ ಪತ್ರಿಕೇಲೇ ಅದರ ಮೇಲೆ ಲೇಖನ ಬರ್ತಾ ಇದೆ. ನನಗೇ ಹೇಳಿಕೊಡ್ತೀಯಾ?"

ಆ ಲೇಖನವೇ ಅವನ ಕಾಲಿಗೆ ತೊಡರಿಕೊಂಡಿತು. "೭ ಅಡಿ ಬೀರು: ಚಿಕ್ಕ ಮನೆಗೆ ದೊಡ್ಡ ಆಸರೆ" ಎಂಬ ತಲೆಬರಹವನ್ನು ಅವನು ಕರಡು ತಿದ್ದುವ ಹಿರಿಯರ ಮುಂದಿಟ್ಟ. ಕಚೇರಿಯಲ್ಲಿ ಅವರ ಅಡ್ಡಹೆಸರು ಗೆರೆಯಪ್ಪ. ಅವರೂ ಪುಟ ಕಟ್ಟುವ ಅಕ್ಕನೂ ಒಪ್ಪದೆ ಯಾವ ತಲೆಬರಹವೂ ಅಚ್ಚಿಗೆ ಹೋಗುವಂತಿರಲಿಲ್ಲ.

"ಅಂಕಿಗೂ ಅಡಿಗೂ ನಡುವೆ ಗೆರೆ ಎಲ್ಲಪ್ಪಾ?" ಎಂದರು ಗೆರೆಯಪ್ಪ. "ಗೆರೆ ಇಲ್ದಿದ್ರೆ ಏಳು ಒಂದು ಕಡೆ, ಅಡಿ ಒಂದು ಕಡೆ. ಜಗಳ ಆಡಿದ ಗಂಡ ಹೆಂಡ್ತಿ ಥರ."

"೭-ಅಡಿ" ಎಂದು ನಡುವೆ ಗೆರೆ ಹಾಕಿಕೊಂಡು ಅಕ್ಕನ ಬಳಿ ಹೋದ.

"ಇದೇನು ಕಡ್ಡಿ? ಹಲ್ಲಿಗೆ ನಾರು ಸಿಕ್ಕಿಕೊಂಡ ಹಾಗಿದೆ. ತೆಗೀರಿ."

ತೆಗೆದ. ಗೆರೆಯಪ್ಪ ಮತ್ತೆ ಹಾಕಿದರು. ಅಕ್ಕ ಮತ್ತೆ ಅಳಿಸಿದಳು. ಊಟದ ಹೊತ್ತಿಗೆ ಕಚೇರಿ ಎರಡು ಪಾಳಯವಾಗಿತ್ತು. ಲೆಕ್ಕದ ವಿಭಾಗದ ಮಹಾಶಯ ಕರೆಯದೇ ಬಂದು, "ಅಡಿ ಎಲ್ಲಾ ಹಳೇ ಕಾಲದ್ದು, ಸೆಂಟಿಮೀಟರ್ ಹಾಕಿ," ಎಂದು ಮೂರನೆಯ ಪಾಳಯ ತೆರೆದ. ಇಬ್ಬರ ನಡುವೆ ಓಡಾಡಿ ಉಪಸಂಪಾದಕನ ಚಪ್ಪಲಿ ಸವೆಯಿತು. ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲೆಯೇ ಇತ್ತು.

ನಾಲ್ಕೂವರೆಗೆ ಅವನ ತಾಳ್ಮೆ ಕೈಕೊಟ್ಟಿತು. "ಅಳತೆಯೇ ಬೇಡ ಬಿಡಿ," ಎಂದು "೭ ಅಡಿ"ಯನ್ನು ಹೊಡೆದುಹಾಕಿ "ಎತ್ತರದ ಬೀರು" ಎಂದು ಬರೆದ. ಅಕ್ಕ ಅದನ್ನು ಪುಟಕ್ಕೆ ಏರಿಸಿದಳು. ಗೆರೆಯಪ್ಪನವರೂ ತಲೆಯಾಡಿಸಿದರು. ಅವನು ಲೇಖನದ ಹಳೆಯ ಕರಡನ್ನು ಮಡಿಸಿ ಜೇಬಿಗೆ ತುರುಕಿಕೊಂಡು, ತನ್ನ ಜಾಣತನಕ್ಕೆ ತಾನೇ ಬೀಗುತ್ತ ಮನೆಗೆ ಓಡಿದ.

ಮನೆಯಲ್ಲೂ ಪಾಳಯಗಳಿದ್ದವು. ಬೀರು ಮಲಗುವ ಕೋಣೆಯ ನೆಲದ ಮೇಲೆ ಅಂಗಾತ ಬಿದ್ದಿತ್ತು. ಸುತ್ತ ಅಕ್ಕಪಕ್ಕದವರು ಸೇರಿದ್ದರು.

"ನಿಲ್ಲಿಸೋಕೆ ಆಗಲ್ಲ ಸಾರ್," ಎಂದ ಬಡಗಿ. "ಮೇಲೆ ಅಟ್ಟ ಅಡ್ಡ ಬರುತ್ತೆ. ಅದು ಇರೋದೇ ಆರೂವರೆ ಅಡಿಗೆ."

"ಬೀರೂನ ಕೊಯ್ಸಿ," ಎಂದರು ಎದುರುಮನೆಯವರು.

"ಅಟ್ಟ ಒಡೆಸಿ," ಎಂದರು ಪಕ್ಕದ ಮನೆಯವರು.

"ಆ ಲೇಖನ ಕೊಡಿ ಇಲ್ಲಿ," ಎಂದು ಹೆಂಡತಿ ಅವನ ಜೇಬಿನಿಂದ ಕರಡನ್ನು ಎಳೆದುಕೊಂಡು ಗಟ್ಟಿಯಾಗಿ ಓದಿದಳು: "'ಬೀರು ಮಾಡಿಸುವ ಮೊದಲು ಕೋಣೆಯ ಎತ್ತರ ಅಳೆಯಿರಿ. ಅಟ್ಟವಿದ್ದರೆ ಇದರ ಆಸೆ ಬಿಡಿ.' ಮೊದಲನೇ ಸಾಲೇ ಇದು. ಬೆಳಗಿಂದ ಕಚೇರೀಲಿ ಅಷ್ಟು ಜನ ಸೇರಿ ಏನ್ ಓದ್ತಾ ಇದ್ರಿ?"

ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

"ತಲೆಬರಹ," ಎಂದ.

ಅವಳು ಕುರ್ಚಿಯ ಮೇಲಿನ ಬಟ್ಟೆಯ ಗುಡ್ಡೆಯನ್ನು ಬಾಚಿ ತಂದು, ಮಲಗಿದ್ದ ಬೀರುವಿನ ಮೇಲೆ ಸುರಿದಳು.