ಸ್ಟೀಲ್ ಪೈಪಿನ ಬ್ರೇಕೂ ನಮ್ಮ ಅತ್ತೆಯೂ

ಬೈಕ್ ಕೊಳ್ಳುವ ಮನುಷ್ಯ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುತ್ತಾನೆ, ಬಣ್ಣ ಯಾವುದಿದೆ ಎಂದು ಕೇಳುತ್ತಾನೆ, ಹೆಂಡತಿಯ ಸೀರೆ ಚಕ್ರಕ್ಕೆ ಸಿಕ್ಕದಂತೆ ಜಾಲರಿ ಉಂಟೋ ಎಂದೂ ಕೇಳುತ್ತಾನೆ. ನಿಲ್ಲಿಸಿದರೆ ನಿಲ್ಲುತ್ತದೆಯೇ ಎಂದು ಮಾತ್ರ ಕೇಳುವುದಿಲ್ಲ. ನಿಲ್ಲದೆ ಎಲ್ಲಿಗೆ ಹೋದೀತು ಎಂಬ ನಂಬಿಕೆ. ನಾನೂ ಹಾಗೆಯೇ ನಂಬಿದ್ದವನು. ಬೆಟ್ಟದಪುರದ ನಮ್ಮ ಮನೆಯಿಂದ ನಾನು ಕನ್ನಡ ಪಾಠ ಹೇಳುವ ಹೈಸ್ಕೂಲಿಗೆ ದಾರಿ ನೇರ. ಎದುರಿಗೆ ಬರುವವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ನನ್ನನ್ನು ಕಂಡರೆ ಅವರೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅದನ್ನು ನಾನು ಗುರುಭಕ್ತಿ ಎಂದು ತಿಳಿದಿದ್ದೆ. ನನ್ನ ಬ್ರೇಕಿನ ಸ್ಥಿತಿ ಊರಿಗೆಲ್ಲ ಗೊತ್ತಿತ್ತೆಂದು ಆಮೇಲೆ ತಿಳಿಯಿತು.

ಈ ನೆಮ್ಮದಿಯ ಸವಾರಿಗೆ ನಮ್ಮ ಅತ್ತೆ ಚಿಕ್ಕತಾಯಮ್ಮನವರು ಹಲ್ಲಿನ ಕಾರಣದಿಂದ ಬಂದು ಸೇರಿದರು. ಅವರದು ಭೇರ್ಯದ ಕಡೆಯ ಒಕ್ಕಲು ಮನೆ. ಬಾಯಲ್ಲಿ ಉಳಿದಿದ್ದ ಒಂದೆರಡು ಹಲ್ಲೂ ಹೋದ ಮೇಲೆ ನನ್ನ ಹೆಂಡತಿ ಸವಿತಾ, ಹುಣಸೂರಿನಲ್ಲಿ ಹಲ್ಲು ಕಟ್ಟಿಸೋಣ ಬಾ ಎಂದು ಕರೆಸಿಕೊಂಡಳು. “ಮುದ್ದೆ ನುಂಗಕ್ಕೆ ಅಲ್ಲು ಯಾಕವ್ವ?” ಎಂಬುದು ಅತ್ತೆಯ ವಾದ. ವಾದವೇನೋ ಸರಿ, ಮುದ್ದೆಯನ್ನು ಅಗಿಯುವವನನ್ನು ನಮ್ಮ ಸೀಮೆಯಲ್ಲಿ ಅನುಮಾನದಿಂದ ನೋಡುತ್ತಾರೆ. ಆದರೆ ಹಲ್ಲು ಹೋದಂದಿನಿಂದ ಅತ್ತೆ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳತೊಡಗಿದ್ದರು. ಬರಬರುತ್ತಾ ಮುಚ್ಚಿಕೊಳ್ಳುವ ಕಷ್ಟವೇ ಬೇಡವೆಂದು ನಗುವುದನ್ನೇ ಬಿಟ್ಟುಬಿಟ್ಟರು. ಊಟಕ್ಕೂ ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. “ಅವ್ವ ನಕ್ಕಿದ್ದು ಯಾವಾಗ ಅಂತ ನಂಗೆ ಗ್ಯಾನನೇ ಇಲ್ಲ ಕಣ್ರೀ” ಎಂದು ಸವಿತಾ ಒಂದು ದಿನ ಪಾತ್ರೆ ತೊಳೆಯುತ್ತಾ ಹೇಳಿದಳು. ಅವಳ ದನಿ ಕೇಳಿ, ಕರೆದುಕೊಂಡು ಹೋಗುವ ಕೆಲಸ ನನ್ನದು ಎಂದೆ. ಅತ್ತೆಗೆ ಬಸ್ಸೂ ಆಗದು, ಕಾರೂ ಆಗದು. ಹತ್ತಿದ ಕೂಡಲೇ ಹೊಟ್ಟೆ ತೊಳಸುತ್ತದೆ. ಮುಖಕ್ಕೆ ಗಾಳಿ ಬೀಸುವ ಬೈಕೇ ಆಗಬೇಕು.

ತೊಡಕಿದ್ದದ್ದು ಬೇರೆ ಕಡೆ. ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ಮದುವೆಯಾದಂದಿನಿಂದ ನನಗೆ ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕವೇ ಹೇಳಿದವರು. ನಾನು ಎದುರಿಗೇ ಕೂತಿದ್ದರೂ “ಅಳಿಯಂದ್ರಿಗೆ ಇನ್ನೊಂಚೂರು ಸಾರು ಬೇಕಾ ಕೇಳವ್ವ” ಎನ್ನುವರು. ಬೈಕಿನ ಮೇಲೆ ನಡುವೆ ಮಗಳಿಲ್ಲ. ಹಾಗಾಗಿ ಅಲ್ಲಿ ಅವರು ಶಿವನನ್ನು ಹಿಡಿದುಕೊಂಡರು. “ಶಿವನೇ, ಮುಂದೆ ಗುಂಡಿ ಅದೆ.” “ಶಿವನೇ, ಏನು ಜೋರಪ್ಪ ಈ ಗಾಡಿ.” ಶಿವನ ಪರವಾಗಿ ನಾನು ನಿಧಾನ ಮಾಡುತ್ತಿದ್ದೆ. ಅವರು ಒಂದು ಕಡೆಗೆ ಕಾಲು ಹಾಕಿ ಕೂತು, ಹಿಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ನನಗೂ ತಮಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದರು. ಕಂಬಿಯೇ ಇಲ್ಲದ ಬೈಕಾಗಿದ್ದರೆ ಹಲ್ಲಿನ ವಿಚಾರ ಅಲ್ಲಿಗೇ ಮುಗಿಯುತ್ತಿತ್ತು.

ಅಳತೆ ಕೊಡಲು ಹೋದ ದಿನ ವಾಪಸು ಬರುವಾಗ ಅತ್ತೆ “ಶಿವನೇ, ಎಮ್ಮೆ” ಎಂದರು. ನಾನೂ ನೋಡಿದ್ದೆ. ಮುಂದಿನ ಬ್ರೇಕಿನ ಹಿಡಿಯನ್ನು ಒತ್ತಿದೆ. ಅದು ಮೆತ್ತಗೆ, ಬೇಯಿಸಿದ ಬದನೆಕಾಯಿಯ ಹಾಗೆ, ಹ್ಯಾಂಡಲಿನವರೆಗೂ ಬಂತು. ಗಾಡಿ ಮಾತ್ರ ಹೋಗುತ್ತಲೇ ಇತ್ತು. ಕಾಲಿನ ಬ್ರೇಕನ್ನೂ ತುಳಿದು, ಚಪ್ಪಲಿಯನ್ನು ರಸ್ತೆಗೆ ಉಜ್ಜಿ, ಕೊನೆಗೆ ಮುಂದಿನ ಚಕ್ರ ಎಮ್ಮೆಯ ಹೊಟ್ಟೆಗೆ ಒರಗಿದಾಗ ನಿಂತೆವು. ಎಮ್ಮೆ ತಿರುಗಿ ನೋಡಿ, ಇವರೇ ಎಂದು ಗುರುತು ಹಿಡಿದಂತೆ ತಲೆಯಾಡಿಸಿ ಹೋಯಿತು. ಅತ್ತೆ ಶಿವನಿಗೂ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಮಗಳಿಗೆ, “ಅಳಿಯಂದ್ರಿಗೆ ಏಟಾಗ್ಬುಟ್ಟಿದ್ರೆ ಏನವ್ವ ಗತಿ” ಎಂದು ಕಣ್ಣೊರೆಸಿಕೊಂಡರಂತೆ.

ಆ ಮಾತು ಕೇಳಿ ಮಾರನೆಯ ದಿನವೇ ಗ್ಯಾರೇಜಿನ ಮಂಜನ ಬಳಿ ಹೋದೆ. ಮಂಜ ನನ್ನ ಹಳೆಯ ವಿದ್ಯಾರ್ಥಿ. “ಸಾರ್, ರಬ್ಬರ್ ಪೈಪು ಅಳೇದು. ನೀವು ಒತ್ತಿದ್ದೆಲ್ಲ ಪೈಪು ಊದ್ಕೊಳಕ್ಕೇ ಓಯ್ತದೆ, ಚಕ್ರಕ್ಕೆ ಏನೂ ಉಳಿಯಾಕಿಲ್ಲ” ಎಂದ. ಒಳಗೆ ಗಟ್ಟಿ ನಳಿಕೆ, ಹೊರಗೆ ಸ್ಟೀಲ್ ತಂತಿಯನ್ನು ಜಡೆಯಂತೆ ಹೆಣೆದ ಪೈಪು ಬರುತ್ತದೆ, ಅದು ಊದುವುದಿಲ್ಲ ಎಂದು ವಿವರಿಸಿದ. ತರಿಸಿ ಹಾಕಿದ, ಎಣ್ಣೆ ತುಂಬಿ, ಒಳಗಿನ ಗಾಳಿಯನ್ನು ಗುಳ್ಳೆ ಗುಳ್ಳೆಯಾಗಿ ಹೊರಬಿಟ್ಟ. “ಸಾರ್, ಇನ್ಮೇಲೆ ಎರಡು ಬೆರಳು ಸಾಕು” ಎಂದೂ ಹೇಳಿದ. ನಾನು ಹೊಳೆಯುವ ಪೈಪು ನೋಡುತ್ತಾ ನಿಂತಿದ್ದೆ, ಕಿವಿ ಅಲ್ಲಿರಲಿಲ್ಲ. ಮನೆಗೆ ಬಂದರೆ ಸವಿತಾ, “ಬೈಕಿಗೆ ಬೆಳ್ಳಿ ಉಡದಾರ ಮಾಡಿಸ್ಬುಟ್ರಾ?” ಎಂದು ನಕ್ಕಳು. ಅತ್ತೆ ಬಾಗಿಲ ಮರೆಯಿಂದಲೇ ನೋಡಿ, “ಸ್ಯಾನೆ ಚೆನ್ನಾಗದೆ” ಎಂದು ಬಾಗಿಲಿಗೆ ಹೇಳಿದರು.

ಮುಂದಿನ ಸಲ ಹುಣಸೂರಿಗೆ ಹೊರಟಾಗ ಹೊಗೆಸೊಪ್ಪಿನ ಹೊಲಗಳ ನಡುವೆ ಒಂದು ಕೋಳಿ ಅಡ್ಡ ಬಂತು. ಹಳೆಯ ಅಭ್ಯಾಸ, ಇಡೀ ಮುಷ್ಟಿಯಲ್ಲಿ, ಹಟ್ಟಿಯಲ್ಲಿ ಎಮ್ಮೆಯ ಹಾಲು ಕರೆಯುವಂತೆ ಹಿಡಿ ಹಿಂಡಿದೆ. ಗಾಡಿ ಗೂಟ ಬಡಿದಂತೆ ನಿಂತಿತು. ಅತ್ತೆ ನಿಲ್ಲಲಿಲ್ಲ. ಕಂಬಿ ಕೈತಪ್ಪಿ, ನಡುವೆ ಬಿಟ್ಟಿದ್ದ ಜಾಗವನ್ನೆಲ್ಲ ದಾಟಿ ಬಂದು ಅವರ ಮುಖ ನನ್ನ ಬೆನ್ನಿಗೆ ಬಡಿಯಿತು. ಎರಡೂ ಕೈ ನನ್ನ ಸೊಂಟವನ್ನು ಬಳಸಿದವು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತರು. “ಅಜ್ಜಿ ಬುಡಬ್ಯಾಡ ಕಣವ್ವೋ, ಗಟ್ಟಿಯಾಗಿ ಇಡ್ಕೊ!” ಎಂದು ಒಬ್ಬಳು ಕೂಗಿದಳು. ಹೊಲವೆಲ್ಲ ನಕ್ಕಿತು.

ಅತ್ತೆ ಇಳಿದರು. ಸೆರಗು ಸರಿಮಾಡಿಕೊಂಡರು. ತಲೆ ತಗ್ಗಿಸಿ ಬಂದ ದಾರಿಯಲ್ಲೇ ನಡೆಯತೊಡಗಿದರು. ನಾನು ಗಾಡಿ ತಿರುಗಿಸಿ, ಎರಡೂ ಕಾಲು ನೆಲಕ್ಕೆ ಊರಿ, ಪಕ್ಕದಲ್ಲೇ ಬಾತುಕೋಳಿಯಂತೆ ಸಾಗುತ್ತಾ “ಅತ್ತೆ, ತಪ್ಪಾಯ್ತು, ಹತ್ತಿ” ಎಂದೆ. “ಶಿವನೇ, ಜನ ಏನಂದ್ಕಂಡ್ರೋ” ಎಂಬುದೊಂದೇ ಮಾತು. ಊರಿನ ತನಕ ನಡೆದೇ ಬಂದರು. ಮನೆಯಲ್ಲಿ ಮಗಳಿಗೆ, “ಅಲ್ಲೂ ಬ್ಯಾಡ, ಗಿಲ್ಲೂ ಬ್ಯಾಡ. ನನ್ನ ಊರಿಗೆ ಕಳ್ಸ್‌ಬುಡು” ಎಂದು ಬಟ್ಟೆ ಗಂಟು ಕಟ್ಟತೊಡಗಿದರು. ಸವಿತಾ ನನ್ನ ಕಡೆ ನೋಡಿದಳು. ಪೈಪನ್ನೇ ಕೀಳಿಸಿಬಿಡುತ್ತೇನೆ ಎಂದೆ. “ಕಿತ್ರೆ ಎಮ್ಮೆ, ಬುಟ್ರೆ ಕೋಳಿ. ಪೈಪು ಇರ್ಲಿ, ನೀವು ಹಿಡಿಯೋದು ಕಲೀರಿ. ನಾನು ಹಿಂದೆ ಕೂರ್ತೀನಿ” ಎಂದಳು. ಅವ್ವನಿಗೆ ಈ ವಾರವೊಂದು ಇರು ಎಂದು ಹೇಳಿ ಗಂಟು ಬಿಚ್ಚಿಸಿದಳು.

ಹೀಗೆ ಸಂಜೆ ಶಾಲೆ ಬಿಟ್ಟ ಮೇಲೆ ನನಗೆ ಶಾಲೆ ಶುರುವಾಯಿತು. ಕೆರೆ ಏರಿಯ ದಾರಿಯಲ್ಲಿ ಹೋಗುವುದು, ನಿಲ್ಲಿಸುವುದು, ಹೋಗುವುದು, ನಿಲ್ಲಿಸುವುದು. ಮೊದಮೊದಲು ಸವಿತಾಳ ಹಣೆ ನನ್ನ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯುತ್ತಿತ್ತು. “ಹಿಂಡ್‌ಬೇಡಿ ಕಣ್ರೀ, ಎರಡು ಬೆರಳಲ್ಲಿ ಕರೀರಿ, ಮಗೂನ ಕರೆದಂಗೆ” ಎನ್ನುವಳು. ಕಲಿತೆ, ನಿಧಾನವಾಗಿ. ಕಲಿತ ಮೇಲೂ ಒಂದೆರಡು ಸಂಜೆ ಕಲಿಯದವನಂತೆ ನಟಿಸಿದೆ. ಮದುವೆಯಾದ ಹೊಸದರಲ್ಲಿ ಬಿಟ್ಟರೆ, ಕೆಲಸವಿಲ್ಲದೆ ನಾವಿಬ್ಬರೂ ಬೈಕಿನಲ್ಲಿ ತಿರುಗಿದ್ದೇ ಇರಲಿಲ್ಲ. ಅವಳಿಗೂ ನನ್ನ ನಟನೆ ಗೊತ್ತಾಗಿತ್ತೆಂದು ತೋರುತ್ತದೆ. ಜಡೆಗೆ ಹೂ ಮುಡಿದು ಬರತೊಡಗಿದ್ದಳು.

ಇದನ್ನೆಲ್ಲ ಜಗಲಿಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಒಂದು ಬೆಳಿಗ್ಗೆ ತಾವೇ ಸೀರೆ ಉಟ್ಟು ಸಿದ್ಧರಾಗಿ ನಿಂತರು. ಕೈಯಲ್ಲಿ ಮಡಿಚಿದ ಕಂಬಳಿ. ಏನೂ ಹೇಳದೆ ಅದನ್ನು ಬೈಕಿನ ಸೀಟಿನ ಮೇಲೆ ಗೋಡೆಯಂತೆ ನಿಲ್ಲಿಸಿ, ಅದರ ಹಿಂದೆ ಕೂತರು. ಬೇಸಿಗೆಯ ಬಿಸಿಲು ಇರದಿದ್ದರೂ ಬೆನ್ನೆಲ್ಲ ಬೆವರಿತು. ಪರವಾಗಿಲ್ಲ, ಗೋಡೆ ಕಟ್ಟಿಕೊಂಡಾದರೂ ಬಂದರಲ್ಲ ಎಂದುಕೊಂಡೆ.

ಅರ್ಧ ದಾರಿಯಲ್ಲಿ ಹೊಲದ ಓಣಿಯಿಂದ ಹೊಗೆಸೊಪ್ಪು ತುಂಬಿದ ಟ್ರ್ಯಾಕ್ಟರ್ ಒಂದು ಇದ್ದಕ್ಕಿದ್ದಂತೆ ರಸ್ತೆಗೆ ನುಗ್ಗಿತು. ಶಿವನನ್ನು ಕರೆಯಲೂ ಹೊತ್ತಿರಲಿಲ್ಲ. ನನ್ನ ಎರಡು ಬೆರಳು ತಾವಾಗಿಯೇ ಮಡಿಚಿಕೊಂಡವು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಗಾಡಿ ಮೂಗು ಬಗ್ಗಿಸಿ, ಅತ್ತಿತ್ತ ಅಲುಗದೆ, ಟ್ರೇಲರಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ನಿಂತಿತು. ಕಂಬಳಿ ಜಾರಿ ರಸ್ತೆಗೆ ಬಿದ್ದಿತ್ತು. ನನ್ನ ಎರಡೂ ಭುಜಗಳ ಮೇಲೆ ಅತ್ತೆಯ ಕೈಗಳಿದ್ದವು.

“ಏಟಾಯ್ತಾ ಮಗ?”

ಯಾರನ್ನು ಕೇಳುತ್ತಿದ್ದಾರೆಂದು ನಾನು ಸುತ್ತ ನೋಡಿದೆ. ಬೇರೆ ಯಾರೂ ಇರಲಿಲ್ಲ.

“ಇಲ್ಲ ಅತ್ತೆ. ನಿಮಗೆ?”

“ನಂಗೇನಾದದು? ನೀನಿದ್ದೀಯಲ್ಲ. ನಡಿ ಮತ್ತೆ, ಡಾಕ್ಟ್ರಮ್ಮ ಕಾಯ್ತಾರೆ.”

ಕಂಬಳಿಯನ್ನು ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. ಒಂದು ಕೈ ನನ್ನ ಭುಜದ ಮೇಲೆಯೇ ಉಳಿಯಿತು. ಹುಣಸೂರಿನ ಪೇಟೆಬೀದಿಯಲ್ಲಿ, ಅಷ್ಟು ಜನರ ಎದುರಿನಲ್ಲೂ ತೆಗೆಯಲಿಲ್ಲ.

ಹಲ್ಲು ಕೂತ ದಿನ ಡಾಕ್ಟರಮ್ಮ ಕನ್ನಡಿ ಕೊಟ್ಟು, “ನಗಿ ಅಜ್ಜಿ” ಎಂದರು. ಅತ್ತೆ ಕನ್ನಡಿ ನೋಡಿದರು, ನನ್ನನ್ನು ನೋಡಿದರು, ಬಾಯಿ ತುಂಬ ನಕ್ಕರು. ಸವಿತಾಳ ನಗು ಎಲ್ಲಿಂದ ಬಂದದ್ದೆಂದು ಅಂದು ನನಗೆ ಗೊತ್ತಾಯಿತು. ಮನೆಯಲ್ಲಿ ಅವಳು ಅವ್ವನ ಮುಖ ಹಿಡಿದುಕೊಂಡು ಅತ್ತಳು, ನಕ್ಕಳು, ನಿಪ್ಪಟ್ಟು ಕರಿದಳು. ಎಲ್ಲರೂ ಒಟ್ಟಿಗೆ ಕೂತು ತಿಂದೆವು.

ತಿನ್ನುತ್ತಿದ್ದಂತೆ ಅತ್ತೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಯಾಕ್ ಮಗ, ಎಡಗಡೆಲೇ ಅಗೀತಾ ಇದ್ದೀಯ? ಬಾಯ್ ತಗಿ, ನೋಡವ.” ಬಲಗಡೆಯ ದವಡೆ ಹಲ್ಲೊಂದು ಬಹಳ ದಿನದಿಂದ ಕಾಡುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ, ಸೂಜಿ ಎಂದರೆ ನನಗೆ ಪ್ರಾಣಭಯ. ಒಸಡಿನಲ್ಲುಳಿದ ಬೇರು ಕೀಳಿಸುವಾಗ ಅತ್ತೆಗೆ “ಇರುವೆ ಕಚ್ಚಿದಂಗೆ ಅಷ್ಟೆ” ಎಂದು ಧೈರ್ಯ ತುಂಬಿದವನು ನಾನೇ. ನಾಳೆ ಶಾಲೆಯಲ್ಲಿ ಪರೀಕ್ಷೆ ಇದೆ ಎಂದೆ, ಪೇಪರ್ ತಿದ್ದಬೇಕು ಎಂದೆ, ಮುಂದಿನ ತಿಂಗಳು ನೋಡೋಣ ಎಂದೆ. ಅತ್ತೆ ಆಗಲೇ ಎದ್ದು ಗೂಟದಲ್ಲಿದ್ದ ಬೈಕಿನ ಕೀಲಿ ತೆಗೆದು ನನ್ನ ಮುಂದೆ ಹಿಡಿದಿದ್ದರು.

“ನಡಿ ಮಗ, ಎದ್ರುಕೋಬ್ಯಾಡ. ನಾನ್ ಇಂದೆ ಕೂತಿರ್ತೀನಿ.”