ಮಂಜಿನ ಮೇಲೆ ಆರು ಹುಡುಗಿಯರು, ಸೋಪಿನ ಮೇಲೆ ನಾನು

ವಿಮರ್ಶೆ ಬರೆಯಲು ವಿಷಯ ತಿಳಿದಿರಬೇಕು ಎಂಬುದು ವಿಮರ್ಶೆ ಬರೆಯಲು ಬಾರದವರು ಹಬ್ಬಿಸಿದ ಸುದ್ದಿ. ಎರಡು ಕಣ್ಣು, ಒಂದಷ್ಟು ವಿಶೇಷಣಗಳು ಇದ್ದರೆ ಸಾಕು ಎಂದು ನಾನು ನಂಬಿದ್ದೆ. ನಂಬಲು ಆಧಾರವೂ ಇತ್ತು. ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದುಕೊಂಡು, ಊರಿನ ನೃತ್ಯಶಾಲೆಗಳ ವಾರ್ಷಿಕೋತ್ಸವಗಳ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದೆ. ಹೆಜ್ಜೆ ಮರೆತು ವೇದಿಕೆಯ ನಡುವೆ ಸುಮ್ಮನೆ ನಿಂತ ಮಗುವನ್ನು ‘ಬಂಡಾಯದ ಮೊಗ್ಗು’ ಎಂದು ಕರೆದವಳು ನಾನು. ಆ ಮಗುವಿನ ತಾಯಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳಂತೆ.

ಹಾಗಾಗಿ ಆ ಭಾನುವಾರ ಸಂಪಾದಕರು ಫೋನ್ ಮಾಡಿದಾಗ ನಾನು ಹಿಂದೆಮುಂದೆ ನೋಡಲಿಲ್ಲ.

“ಮೇಡಂ, ನಮ್ಮ ಕ್ರೀಡಾ ವರದಿಗಾರ ಸೊಂಟ ಹಿಡ್ಕೊಂಡು ಮಲಗಿದಾನೆ. ಇವತ್ತು ಅಂತರರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಫೈನಲ್. ಟಿವಿ ನೋಡಿ ಒಂದು ವಿಮರ್ಶೆ ಬರೆದುಕೊಡ್ತೀರಾ?”

“ಅದಕ್ಕೇನು ಸರ್. ನೃತ್ಯ ಅಂದ್ರೆ ನೃತ್ಯವೇ. ಇಲ್ಲಿ ಕಾಲ ಕೆಳಗೆ ಹಲಗೆ, ಅಲ್ಲಿ ಮಂಜುಗಡ್ಡೆ.”

“ಐದೂವರೆಗೆ ಶುರು. ಏಳಕ್ಕೆ ಪುಟ ಮುಚ್ತೀವಿ. ಚೆನ್ನಾಗಿ ಬಂದರೆ, ನೀವು ಕೇಳ್ತಾನೇ ಇದೀರಲ್ಲ ವಾರದ ಅಂಕಣ, ಅದರ ಬಗ್ಗೆ ಮಾತಾಡೋಣ.”

ಅಂಕಣ! ಪ್ರತಿ ಭಾನುವಾರ ನನ್ನ ಹೆಸರು, ಪಕ್ಕದಲ್ಲಿ ಅಂಚೆಚೀಟಿಯಷ್ಟು ನನ್ನ ಫೋಟೊ. ಆ ಫೋಟೊಗೆ ಯಾವ ಓಲೆ ಹಾಕಿಕೊಳ್ಳಬೇಕೆಂಬುದು ನಮ್ಮ ಮದುವೆಗೂ ಮೊದಲೇ ತೀರ್ಮಾನವಾಗಿತ್ತು.

ಮನೆಯಲ್ಲಿ ಸನ್ನಾಹ ಶುರುವಾಯಿತು. ನನ್ನವರಿಗೆ ಔಷಧಿ ಅಂಗಡಿ. ಭಾನುವಾರ ಮಧ್ಯಾಹ್ನ ರಜ. ಅವರಿಗೆ ಅಡುಗೆಮನೆ ಒಪ್ಪಿಸಿದೆ. “ರೀ, ಸಂಜೆ ಹಾಲು ಕಾಯಿಸೋದು ನಿಮ್ಮ ಕೆಲಸ. ಪಕ್ಕದಲ್ಲೇ ನಿಂತಿರಿ. ಸಾಹಿತ್ಯ ಸೃಷ್ಟಿ ಆಗುವಾಗ ನನ್ನನ್ನ ಯಾರೂ ಕರೀಬಾರದು.”

“ಅರ್ಧ ಲೀಟರ್ ಹಾಲಿಗೆ ಇಷ್ಟು ಪೀಠಿಕೆನಾ?” ಎಂದರು.

ಟಿವಿಯ ಎದುರು ಅತ್ತೆ ಆಗಲೇ ಕೂತಿದ್ದರು. ಅವರು ನಿವೃತ್ತ ಗಣಿತದ ಟೀಚರ್. ಬದುಕಿಡೀ ಉತ್ತರಪತ್ರಿಕೆ ತಿದ್ದಿದವರು. ಈಗ ತಿದ್ದಲು ಏನೂ ಸಿಗದೆ ನನ್ನ ಕಾಫಿಗೆ ಅಂಕ ಕೊಡುತ್ತಾರೆ. ನಾನು ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ನಿಲ್ಲಿಸಿದೆ.

“ಸೌಂಡ್ ಯಾಕಮ್ಮ ತೆಗೆದೆ?”

“ಇನ್ನೊಬ್ಬರ ವಿವರಣೆ ಕೇಳಿ ಬರೆಯೋರು ವರದಿಗಾರರು ಅತ್ತೆ. ವಿಮರ್ಶಕಿಗೆ ದೇಹವೇ ಮಾತಾಡುತ್ತೆ.”

“ಸರಿ. ಯಾವ ದೇಹ ಏನಂತು ಅಂತ ನನಗೂ ಹೇಳ್ತಿರು.”

ಪರದೆಯ ಮೇಲೆ ಬೆಳ್ಳಗಿನ ಮಂಜಿನ ಅಂಗಳ. ಆರು ಹುಡುಗಿಯರು ಹಕ್ಕಿಗಳಂತೆ ಜಾರಿ ಬಂದರು. ಒಬ್ಬಳು ಹಿಂದಕ್ಕೆ ಹೋದರೆ ಇನ್ನೊಬ್ಬಳು ಮುಂದಕ್ಕೆ. ಒಬ್ಬಳು ಹಾರಿದಾಗ ಉಳಿದವರು ತಿರುಗಿಯೂ ನೋಡಲಿಲ್ಲ. ನೀಲಿ ಉಡುಪಿನವಳೂ ಕೆಂಪು ಉಡುಪಿನವಳೂ ಇನ್ನೇನು ಡಿಕ್ಕಿ ಹೊಡೆಯಬೇಕು, ಕೂದಲೆಳೆಯಲ್ಲಿ ತಪ್ಪಿಸಿಕೊಂಡರು.

“ಒಂದೇ ತಂಡ ಅಂದ್ರೆ ಒಂದೇ ಥರ ಬಟ್ಟೆ ಬೇಡವೇ?” ಎಂದರು ಅತ್ತೆ.

“ಇದು ಆಧುನಿಕ ಸಂಯೋಜನೆ. ಜನಜಂಗುಳಿಯಲ್ಲಿ ಒಬ್ಬಂಟಿತನ.”

“ಆ ಹುಡುಗಿ ಜಾಕೆಟ್ ಬಿಚ್ಚಿ ಗೋಡೆ ಮೇಲೆ ಹಾಕಿದಳು.”

“ಚಳಿಗಾಲ ಕಳಚಿತು ಅತ್ತೆ. ವಸಂತ ಬಂತು.”

“ಅಲ್ಲೊಬ್ಬಳು ಮೂಗು ಒರೆಸಿಕೊಳ್ತಿದಾಳೆ.”

“ವಿರಹ.”

ಅತ್ತೆ ನನ್ನನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿ ಕನ್ನಡಕ ಸರಿಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಆರೂ ಹುಡುಗಿಯರು ಅಂಚಿನ ಬಾಗಿಲ ಕಡೆ ಹೊರಟರು. ಟೂತ್‌ಪೇಸ್ಟಿನ ಜಾಹೀರಾತು ಬಂತು. ಇಷ್ಟು ಬೇಗ ಮುಗಿಯಿತೇ ಎಂದು ನನಗೂ ಅನಿಸದೇ ಇರಲಿಲ್ಲ. ಆದರೆ ದೊಡ್ಡ ಕಲೆ ಯಾವಾಗಲೂ ಚಿಕ್ಕದಾಗಿಯೇ ಇರುತ್ತದೆ ಎಂದು ತರಗತಿಯಲ್ಲಿ ನಾನೇ ಹೇಳಿಕೊಡುತ್ತೇನೆ. ರಿಮೋಟನ್ನು ಅತ್ತೆಯ ಮಡಿಲಲ್ಲಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎಂಥ ಬರಹ ಅದು! ‘ಆರು ಏಕಾಂತಗಳು ಒಂದೇ ಮಂಜಿನ ಮೇಲೆ’ ಎಂದು ಶುರುಮಾಡಿದೆ. ಅಂಚಿನಲ್ಲಿ ನಿಂತು ಹುಡುಗಿಯರ ಕಿವಿಯಲ್ಲಿ ಏನೋ ಹೇಳುತ್ತಿದ್ದ ಉದ್ದ ಕೋಟಿನ ಮುದುಕನನ್ನು ‘ವಿಧಿ’ ಎಂದು ಗುರುತಿಸಿದೆ. ನೀರು ಕುಡಿದದ್ದು ತೃಷೆ, ಬೂಟಿನ ಲೇಸು ಬಿಗಿದುಕೊಂಡದ್ದು ಬಂಧನ. ಕೊನೆಗೆ ವಿಮರ್ಶಕಿಗೆ ತಕ್ಕ ನಿಷ್ಠುರತೆಯೂ ಬೇಕಲ್ಲ: ‘ಆದರೂ ತಂಡದಲ್ಲಿ ಹೊಂದಾಣಿಕೆಯ ಕೊರತೆ ಎದ್ದು ಕಾಣುತ್ತಿತ್ತು. ಇನ್ನಷ್ಟು ಅಭ್ಯಾಸ ಅಗತ್ಯ’ ಎಂದು ಬರೆದೆ. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಅಳಿಸಿ, ಮತ್ತೆ ಬರೆದೆ. ನಡುವೆ ಎದ್ದು ಆ ಓಲೆಗಳನ್ನೂ ಹಾಕಿ ನೋಡಿಕೊಂಡೆ. ಪುಟ ಮುಚ್ಚುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಕಳಿಸಿ, ಮೈಮುರಿದು, ಗೆದ್ದವಳ ಗತ್ತಿನಲ್ಲಿ ಹೊರಗೆ ಬಂದೆ.

ಟಿವಿ ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ಅತ್ತೆ ಕುರ್ಚಿಯ ತುದಿಗೆ ಬಂದು ಕೂತಿದ್ದರು. ನನ್ನವರು ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದರು. ಪರದೆಯ ಮೇಲೆ ಅದೇ ನೀಲಿ ಉಡುಪಿನ ಹುಡುಗಿ. ಒಬ್ಬಳೇ.

“ಇದ್ಯಾವ ಸ್ಪರ್ಧೆ?” ಎಂದೆ.

“ಅದೇ ಕಣೇ,” ಎಂದರು ನನ್ನವರು. “ಇವಳೇ ಕೊನೆಯವಳು. ಸುಮ್ಮನಿರು, ಹಾರ್ತಾಳೆ ಈಗ.”

“ಮತ್ತೆ ಆಗ ಆರು ಜನ ಕುಣಿದರಲ್ಲ?”

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅದಾ? ಸ್ಪರ್ಧೆಗೆ ಮೊದಲು ಮೈ ಬಿಸಿ ಮಾಡ್ಕೊಂಡದ್ದಂತೆ. ಸೌಂಡ್ ಕೊಟ್ಟ ತಕ್ಷಣ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಆಡೋದು.”

ನನ್ನ ಕಿವಿಯಲ್ಲಿ ಓಲೆಗಳು ಭಾರವಾದವು. “ನನ್ನನ್ನ ಕರೀಬಾರದಿತ್ತಾ?”

“ಸಾಹಿತ್ಯ ಸೃಷ್ಟಿ ಆಗುವಾಗ ಯಾರೂ ಕರೀಬಾರದು ಅಂದಿದ್ದೆಯಲ್ಲ,” ಎಂದು ತಾಯಿ ಮಗ ಒಟ್ಟಿಗೆ ಹೇಳಿದರು. ಅವರಿಬ್ಬರಲ್ಲಿ ಹೊಂದಾಣಿಕೆಯ ಕೊರತೆ ಇರಲಿಲ್ಲ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ. ಪುಟ ಮುಚ್ಚುವ ಮೊದಲು ಸಂಪಾದಕರನ್ನು ತಡೆಯಬೇಕು. ಫೋನ್ ಹಿಡಿದು ಓಡಿದೆ.

“ಏ, ನಿಲ್ಲು! ಹಾಲು ಉಕ್ಕಿತ್ತು, ಸೋಪಿನ ನೀರು ಹಾಕಿದೀನಿ, ಇನ್ನೂ ಒರೆಸಿಲ್ಲ...” ಎಂದು ನನ್ನವರು ಹೇಳಿದ್ದು ನನಗೆ ಕೇಳಿಸಿತು. ಕೇಳಿಸುವಾಗ ನಾನು ಹೊಸ್ತಿಲು ದಾಟಿ ಆಗಿತ್ತು. ಒಲೆಯಿಂದ ಫ್ರಿಜ್ಜಿನವರೆಗೆ ನಾನು ಹೋದದ್ದನ್ನು ನಡಿಗೆ ಎನ್ನಲಾಗದು. ತೋಳುಗಳು ತಾವಾಗಿ ಅಗಲಿದವು. ಒಂದು ಕಾಲು ಹಿಂದಕ್ಕೆ ಏರಿತು. ಒಂದು ಕ್ಷಣ ನಾನು ನಿಜಕ್ಕೂ ಸುಂದರವಾಗಿದ್ದೆ ಎಂದು ಈಗಲೂ ಅನಿಸುತ್ತದೆ. ಆಮೇಲೆ ಕೂತೆ. ಫೋನ್ ಮಾತ್ರ ನನಗಿಂತ ಲೀಲಾಜಾಲವಾಗಿ ಮುಂದುವರಿದು ಫ್ರಿಜ್ಜಿನ ಅಡಿಗೆ ಸೇರಿತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಪ್ರವೇಶ ಚೆನ್ನಾಗಿತ್ತು. ಬಿದ್ದದ್ದಕ್ಕೆ ಒಂದು ಅಂಕ ಕಡಿತ.”

“ಮಂಡಿಗೆ ಮುಲಾಮು, ದಿನಕ್ಕೆ ಮೂರು ಸಲ,” ಎಂದರು ನನ್ನವರು.

“ಮೊದಲು ಫೋನ್ ತೆಗೀರಿ!”

ಅಷ್ಟರಲ್ಲಿ ಫ್ರಿಜ್ಜಿನ ಅಡಿಯಿಂದ ಅದು ರಿಂಗಾಗತೊಡಗಿತು. ಸಂಪಾದಕರೇ ಇರಬೇಕು. ನನ್ನವರು ಬೋರಲು ಮಲಗಿ ಪೊರಕೆ ಆಡಿಸಿದರು. ಒಂದು ಬಾಟಲಿಯ ಮುಚ್ಚಳ ಬಂತು. ಒಣಗಿ ಗೋಲಿಯಾದ ನಿಂಬೆಹಣ್ಣು ಬಂತು. ನಾನು ಕಳೆದುಹೋಯಿತೆಂದು ಕೆಲಸದವಳ ಮೇಲೆ ಅನುಮಾನಪಟ್ಟಿದ್ದ ಚಮಚವೂ ಬಂತು. ರಿಂಗು ನಿಂತಿತು. ಕೊನೆಗೆ ಫೋನ್ ಹೊರಬಂದಾಗ ಏಳು ಕಳೆದಿತ್ತು. ಕೂತಲ್ಲಿಂದಲೇ ಕರೆಮಾಡಿದೆ.

“ಪುಟ ಹೋಯ್ತು ಮೇಡಂ,” ಎಂದರು ಸಂಪಾದಕರು. “ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದ್ದೆ. ನೀವು ಎತ್ತಲಿಲ್ಲ, ನಾನೇ ತೀರ್ಮಾನ ಮಾಡಿಬಿಟ್ಟೆ.”

“ಏನು ಸರ್?”

“ಇದು ಕ್ರೀಡಾ ಪುಟಕ್ಕೋ, ಹಾಸ್ಯದ ಪುಟಕ್ಕೋ ಅಂತ. ಹಾಸ್ಯಕ್ಕೇ ಹಾಕಿದೆ. ಮೂಗು ಒರೆಸಿಕೊಂಡದ್ದು ವಿರಹ! ಕಚೇರೀಲಿ ಎಲ್ಲರಿಗೂ ಹೊಟ್ಟೆ ಹುಣ್ಣಾಯ್ತು. ಏನೂ ಗೊತ್ತಿಲ್ಲದೆ ಎಲ್ಲ ಗೊತ್ತಿರೋ ಹಾಗೆ ಬರೆಯೋ ಆ ವಿಮರ್ಶಕಿ ಇದಾಳಲ್ಲ, ಎಂಥ ಜೀವಂತ ಪಾತ್ರ. ಅವಳನ್ನ ಎಲ್ಲಿ ಹಿಡಿದ್ರಿ?”

ನಾನು ಸೋಪಿನ ನೀರಿನಲ್ಲಿ ಕೂತೇ ಯೋಚಿಸಿದೆ. “ಮನೇಲೇ ಇದ್ದಳು ಸರ್.”

“ಅಂಕಣ ನಿಮ್ಮದೇ. ವಾರ ವಾರ ಹಾಸ್ಯ, ಇದೇ ಪಾತ್ರ. ಹಾಗೇ, ಗೆದ್ದದ್ದು ಯಾರು? ಹೋದದ್ದು ಹಾಸ್ಯದ ಪುಟ. ಕ್ರೀಡಾ ಪುಟ ಇನ್ನೂ ನಿಮಗೋಸ್ಕರ ತಡೆದಿದೀನಿ, ನಾಲ್ಕು ಸಾಲು ಬೇಕು.”

ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಯಾರು ಗೆದ್ದರು, ಯಾರು ಬಿದ್ದರು, ಯಾರು ಬಿದ್ದೂ ಗೆದ್ದರು, ಎಲ್ಲವನ್ನೂ ದಶಮಾಂಶ ಸಮೇತ ಒಪ್ಪಿಸಿದರು.

ನನ್ನವರು ಮಂಡಿಗೆ ಮುಲಾಮು ಹಚ್ಚುತ್ತಿದ್ದರು. ಅಂಕಣ ಸಿಕ್ಕ ಸಂತೋಷ ಇಳಿದು, ನಿಧಾನವಾಗಿ ಇನ್ನೊಂದು ಭಯ ಹತ್ತಿತು.

“ಅಲ್ಲ, ವಾರ ವಾರ ಇಂಥದ್ದೊಂದು ಪ್ರಸಂಗ ನಾನು ಎಲ್ಲಿಂದ ತರಲಿ?”

ಅತ್ತೆ ಫೋನನ್ನು ನನ್ನ ಮಡಿಲಿಗೆ ಹಾಕಿ, ಟಿವಿಯ ಕಡೆ ಹೊರಟರು.

“ಅದಕ್ಕೆ ಯಾಕಮ್ಮ ಚಿಂತೆ? ನೀನು ಎಲ್ಲೂ ಹೋಗಲ್ವಲ್ಲ.”