ಓಡದಿದ್ದರೆ ಸರಿ ಎನ್ನುವ ಕಾಕಾ

ಮಾಡಿದ ಕೆಲಸ ಕೈಕೊಟ್ಟರೆ ಪೇಢೆ ಹಂಚುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸ್ವಂತ ಕಾಕಾ!

ಬೈಲಹೊಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತರಾದ ಕಾಕಾ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಮನೆಯಲ್ಲೇ ಬುನಾದಿಯಿಂದ ಕಟ್ಟಿಕೊಳ್ಳುವುದು ಹೇಗೆಂದು ಕನ್ನಡದಲ್ಲಿ ಕೈಪಿಡಿ ಬರೆದು ಅಂತರಜಾಲಕ್ಕೆ ಹಾಕುತ್ತಿದ್ದಾರೆ. ತಿದ್ದುವ ಹೊಣೆ ಮಾಜಿ ಕನ್ನಡ ಶಿಕ್ಷಕಿಯಾದ ನನ್ನದು. ವಾಕ್ಯಗಳೆಲ್ಲ ಶುದ್ಧವಾಗಿವೆ, ಅರ್ಥ ಮಾತ್ರ ನನಗೆ ಇಂದಿಗೂ ಆಗಿಲ್ಲ.

ಒಂದೇ ಬಗೆಯ ಪ್ರೊಸೆಸರಿಗೆ ಬರೆದಿದ್ದರೆ ನನ್ನ ತಲೆ ಉಳಿಯುತ್ತಿತ್ತೋ ಏನೋ. ಕಾಕಾ ಮೂರು ಬಗೆಗೆ ಬರೆಯುತ್ತಾರೆ: ಈಗಿನ ಕಂಪ್ಯೂಟರಿನದು, ಅಂಗೈಯಗಲದ ಬೋರ್ಡಿನ ಪುಟ್ಟ ಕಂಪ್ಯೂಟರಿನದು, ಜೊತೆಗೆ ಎಲ್ಲರೂ ಕೈಬಿಟ್ಟಿರುವ ಹಳೆಯ ಮೂವತ್ತೆರಡು ಬಿಟ್ಟಿನ ಯಂತ್ರದ್ದು. ಪ್ರತಿ ಅಧ್ಯಾಯವೂ ನಡುವೆ ಮೂರು ಕವಲೊಡೆಯುತ್ತದೆ. ಸವದತ್ತಿಗೆಂದು ಬಸ್ಸು ಹತ್ತಿ ರಾಮದುರ್ಗದಲ್ಲಿ ಕಣ್ಣು ಬಿಟ್ಟವಳಂತೆ, ನಾನು ಬೋರ್ಡಿನ ಕವಲನ್ನು ಹೊಕ್ಕು ಹಳೆಯ ಯಂತ್ರದ ಕವಲಿನಲ್ಲಿ ಹೊರಬಂದದ್ದುಂಟು.

ಪೇಢೆಯ ಪ್ರಸಂಗವೂ ಇಲ್ಲಿಯದೇ. ಕಾಕಾ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತಯಾರಿಸಿ ಅಲ್ಲೇ ಓಡಿಸಿದರು. ಅದು ಓಡಲಿಲ್ಲ. ಅವರು ಕುಣಿಯುವುದೊಂದು ಬಾಕಿ.

“ಓಡಲಿಲ್ಲಲ್ಲ ಕಾಕಾ?”

“ಓಡಬಾರದವ್ವ. ಮಾಡಿದ್ದು ಇಲ್ಲಿ, ಆದ್ರ ಆ ಸಣ್ಣ ಬೋರ್ಡಿಗೆ ಮಾಡಿದ್ದು. ಇಲ್ಲೇ ಓಡಿದ್ರ ತಪ್ಪಾಗೇತಿ ಅಂತ ಅರ್ಥ.”

“ಹಂಗಾರ ನಮ್ಮ ಸಾಲ್ಯಾಗ ನಪಾಸಾದವರೆಲ್ಲಾ ಶಾಣ್ಯಾರ ಇದ್ರು ಅನ್ನು.”

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಪೇಢೆಯ ತಟ್ಟೆಯನ್ನು ನನ್ನತ್ತ ಸರಿಸಿದರು. “ಓಡಿದ್ರೂ ಇದ ಪೇಢೆ, ಓಡದಿದ್ರೂ ಇದ ಪೇಢೆ. ನೀ ಸುಮ್ಮನ ತಿನ್ನವ್ವ.”

ತಕರಾರಿದ್ದದ್ದು ಹಳೆಯ ಯಂತ್ರದ್ದು. ದಿವಾನದ ಅರ್ಧ ಜಾಗ ನುಂಗಿ, ಒಂದೊಂದು ಪರೀಕ್ಷೆಗೂ ಹಗಲಿಡೀ ಗುಂಯ್‌ಗುಡುತ್ತಿತ್ತು. ಆ ಕವಲನ್ನು ಕತ್ತರಿಸಿಬಿಡಿ ಎಂದು ಕೈಪಿಡಿಯ ಕೆಲಸದಲ್ಲಿ ಕಾಕಾನಿಗೆ ನೆರವಾಗುವ ಗೆಳೆಯರೆಲ್ಲ ಹೇಳಿದರು. ಅದನ್ನು ಓದುವವರಾದರೂ ಯಾರು? ಸವದತ್ತಿ ಹತ್ತಿರದ ಹೂಲಿ ಎಂಬ ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು ಮಾತ್ರ. ಆಕೆಯ ಬಳಿ ಇರುವುದು ಅಂಥ ಯಂತ್ರವೊಂದೇ. ಅದೂ ಕೊನೆಯ ಅಧ್ಯಾಯದಲ್ಲಿ ಕಪ್ಪು ಪರದೆ ತೋರಿಸಿ ನಿಂತುಬಿಟ್ಟಿತ್ತು.

“ಒಬ್ಬಾಕಿ ಸಲುವಾಗಿ ಇಷ್ಟ್ಯಾಕ ಕಾಕಾ?”

“ನನ್ನ ಮಾತು ನಂಬಿ ಇಷ್ಟು ದೂರ ಬಂದಾಳ. ಈಗ ನಡುನೀರಾಗ ಕೈ ಬಿಡ್ಲೇನು?”

ಕಾಕಾ ದೋಷವನ್ನು ಪತ್ತೆಹಚ್ಚಿ ತಿದ್ದಿದರು. ತಮ್ಮ ಹಳೆಯ ಯಂತ್ರದಲ್ಲಿ ಮತ್ತೊಮ್ಮೆ ಕಟ್ಟಿ ನೋಡುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಪರದೆ ನೋಡಕೂಡದೆಂದರು ವೈದ್ಯರು. ಭಾನುವಾರದೊಳಗೆ ಪರೀಕ್ಷೆಯಾಗದಿದ್ದರೆ ಆ ಕವಲನ್ನು ತೆಗೆಯುವುದೇ ಸರಿ ಎಂದರು ಗೆಳೆಯರು.

ಭಾನುವಾರ ಮಧ್ಯಾಹ್ನ ಸಮಾಧಾನ ಹೇಳಲೆಂದು ಹೋದೆ. ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯತ್ತ ಮುಖ ಮಾಡಿ ಕುಳಿತಿದ್ದರು. ಹಳೆಯ ಯಂತ್ರದ ಮುಂದೆ ಚಿಗವ್ವ! ಪರದೆಯ ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುವುದು, ಅವರು ಹೇಳಿದ್ದನ್ನು ಒತ್ತುವುದು. ಮುಂಜಾನೆಯಿಂದಲೂ ಇದೇ ನಡೆದಿತ್ತಂತೆ. ಯಾರ ಕೆಲಸ ಯಾರು ಮಾಡುತ್ತಿದ್ದಾರೆಂದು ತಿಳಿಯದೆ ನಾನು ಬಾಗಿಲಲ್ಲೇ ನಿಂತೆ.

“ಗುಂಯ್ ಅನ್ನೂದು ನಿಂತತಿ ನೋಡ್ರಿ. ಏನೋ ಕೇಳಾಕತ್ತೈತಿ. ಎಲ್, ಓ, ಜಿ...”

ನಾನು ಬಂದ ಸದ್ದು ಕಾಕಾನಿಗೆ ಕೇಳಿಸಿತ್ತು.

“ಲಾಗಿನ್ ಅದು. ಎದ್ದೈತಿ. ಹೂಲಿಗೆ ಫೋನ್ ಹಚ್ಚವ್ವ,” ಎಂದು ನನಗೆ ಹೇಳಿ, ಚಿಗವ್ವನತ್ತ ತಿರುಗಿದರು. “ಹೆಸರು ಕೇಳಾಕತ್ತೈತಿ. ನಿನ್ನ ಹೆಸರು ಒತ್ತು.”

“ನನ್ನ ಹೆಸರು ಅದಕ್ಕ ಹೆಂಗ ಗೊತ್ತು?”

“ನಾನ ಹಾಕೇನಿ. ಮೂರೂ ಮಷೀನಿನಾಗ, ಮೊದಲಿಂದ ಅದ ಹೆಸರು.”

ಚಿಗವ್ವ ಕಣ್ಣಿನ ಚಾಳೀಸನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಕೀಲಿಮಣೆಯ ಮೇಲೆ ಬಾಗಿ, ಮೊದಲ ಅಕ್ಷರವನ್ನು ಹುಡುಕತೊಡಗಿದರು.